ಕಾನು, ಬೆಟ್ಟ, ಜಡ್ಡಿ: ಉತ್ತರ ಕನ್ನಡದಲ್ಲಿ ಮರಗಳ ಜಾಡು ಹಿಡಿದು

ಒಂದೇ ಮಳೆ, ಒಂದೇ ಗುಡ್ಡಸಾಲು. ಆದರೂ ರಸ್ತೆಯ ಈಚೆ ನಡು ಮಧ್ಯಾಹ್ನವೂ ಕತ್ತಲು, ಆಚೆ ಎಲೆ ಉದುರಿಸಿಕೊಂಡು ಬೋಳಾಗಿ ನಿಂತ ಮತ್ತಿ ಮರಗಳು. ಉತ್ತರ ಕನ್ನಡದಲ್ಲಿ ಓಡಾಡಿದವರೆಲ್ಲ ಇದನ್ನು ನೋಡಿರುತ್ತಾರೆ. ಯಾಕೆ ಹೀಗೆ ಅಂತ ಕೇಳಿಕೊಂಡವರು ಕಡಿಮೆ. ಯಾವ ಮರ ಎಲ್ಲಿ ಅಂತ ನಿರ್ಧರಿಸುವುದು ಮಣ್ಣು ಅನ್ನುವವರಿದ್ದಾರೆ, ಮನುಷ್ಯ ಅನ್ನುವವರೂ ಇದ್ದಾರೆ. ಹೊನ್ನಾವರದಿಂದ ಹೊರಟು ಘಟ್ಟ ಹತ್ತಿ, ಸಿದ್ದಾಪುರ, ಶಿರಸಿ ದಾಟಿ ಮುಂಡಗೋಡ, ಹಳಿಯಾಳದ ಕಡೆ ಹೋಗುವುದು ಅಂತ ನಮ್ಮ ಲೆಕ್ಕ. ಜೊತೆಗೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ಗೆಳೆಯ. ಅವನ ಚೀಲದಲ್ಲಿ ಬಟ್ಟೆಗಿಂತ ಮಣ್ಣು ತೆಗೆಯುವ ಕಬ್ಬಿಣದ ಕೊಳವೆಯದ್ದೇ ಭಾರ ಜಾಸ್ತಿ. ಫೆಬ್ರುವರಿಯನ್ನು ಬೇಕಂತಲೇ ಆರಿಸಿಕೊಂಡಿದ್ದೆವು. ಎಲೆ ಉದುರಿಸುವ ಮರ ಯಾವುದು, ಉದುರಿಸದ್ದು ಯಾವುದು ಅಂತ ದೂರದಿಂದಲೇ ಗೊತ್ತಾಗುವ ಕಾಲ ಅದು. ಜಿಗಣೆಯ ಕಾಟವೂ ಇರುವುದಿಲ್ಲ.

ಮೊದಲ ದಿನ: ಹೊನ್ನಾವರ, ಕರಿಕಾನು

ಹೊನ್ನಾವರದ ಸುತ್ತ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಇಷ್ಟು ಮಳೆ ಬೀಳುವ ಕಡೆ ದಟ್ಟ ಹಸಿರು ಕಾಡು ಇರಬೇಕು ತಾನೇ? ಊರ ಹಿಂದಿನ ಗುಡ್ಡ ಹತ್ತಿದರೆ ಸಿಕ್ಕಿದ್ದು ಒಣಹುಲ್ಲು, ಅಲ್ಲೊಂದು ಇಲ್ಲೊಂದು ಕೌಲು ಮರ, ಮತ್ತೆ ಸಾಲು ಹಿಡಿದು ನೆಟ್ಟ ಅಕೇಶಿಯಾ. ಕಾಲ ಕೆಳಗೆ ಜಂಬಿಟ್ಟಿಗೆ.

ಈ ಜಂಬಿಟ್ಟಿಗೆ ನೆಲಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಡಿಪುರಂ ಹತ್ತಿರ ನೋಡಿದ್ದನ್ನು 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಬರೆದ. ಅದೇ ಪ್ರವಾಸದಲ್ಲಿ, 1801ರಲ್ಲಿ, ಈ ಕಡೆಯೂ ಬಂದಿದ್ದ. ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಸುಣ್ಣ, ಪೊಟ್ಯಾಶ್, ಮೆಗ್ನೀಸಿಯಂ ಎಲ್ಲವನ್ನೂ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಉಳಿದರೆ ಇಂಥ ನೆಲ ಆಗುತ್ತದೆ. ಇರುವ ಚೂರುಪಾರು ರಂಜಕವನ್ನೂ ಆ ಕಬ್ಬಿಣವೇ ಹಿಡಿದಿಟ್ಟುಕೊಳ್ಳುತ್ತದೆ. ಬೇರಿಗೆ ಸಿಗುವುದಿಲ್ಲ.

ಹಾಗಾದರೆ ತಪ್ಪು ಮಣ್ಣಿನದ್ದು ಅಂತ ಷರಾ ಬರೆದು ಮುಗಿಸಬಹುದಿತ್ತು. ಮಧ್ಯಾಹ್ನ ಕರಿಕಾನಮ್ಮನ ಬೆಟ್ಟಕ್ಕೆ ಹೋದ ಮೇಲೆ ಆ ಧೈರ್ಯ ಉಳಿಯಲಿಲ್ಲ. ಗುಡ್ಡದ ತುದಿಯಲ್ಲಿ ದೇವಸ್ಥಾನ, ಸುತ್ತ ದೇವರ ಕಾಡು. ಅದರೊಳಗೆ ನೆಟ್ಟಗೆ ಮೇಲೆ ಹೋಗಿರುವ ಎಣ್ಣೆಮರಗಳು, ಅಂದರೆ ಡಿಪ್ಟೆರೊಕಾರ್ಪಸ್ ಇಂಡಿಕಸ್. ಆಗ್ನೇಯ ಏಷ್ಯಾದ ಮಳೆಕಾಡುಗಳನ್ನು ಆಳುವ ಮರಗಳ ಕುಟುಂಬ ಇದು. ಕೆಳಗಿನ ಬೋಳು ಗುಡ್ಡಕ್ಕೂ ಇದಕ್ಕೂ ನಡುವೆ ನಡಿಗೆಯ ದೂರ, ಅಷ್ಟೇ. ಮಳೆಯಲ್ಲಿ ಏನೂ ವ್ಯತ್ಯಾಸ ಇಲ್ಲ.

ಗೆಳೆಯ ಕಾಡಿನ ಅಂಚಿನಲ್ಲಿ ಕೊಳವೆ ಇಳಿಸಿದ. ಮೇಲೆ ಗೇಣುದ್ದ ಕಪ್ಪು ಮಣ್ಣು, ಸಣ್ಣ ಬೇರುಗಳ ಹೆಣಿಗೆ. ಅದರ ಕೆಳಗೆ, ಬೋಳು ಗುಡ್ಡದಲ್ಲಿ ನೋಡಿದ್ದೇ ಕೆಂಪು ಗರಸು. ಅಂದರೆ ಈ ಕಾಡು ನಿಂತಿರುವುದು ಬಂಡೆಯಿಂದ ಬಂದ ಸಾರದ ಮೇಲಲ್ಲ. ಉದುರಿದ ಎಲೆ ಕೊಳೆಯುತ್ತದೆ, ಅದರ ಸಾರವನ್ನು ಬೇರು ಎಳೆದುಕೊಳ್ಳುತ್ತದೆ, ಅದು ಮತ್ತೆ ಎಲೆಯಾಗುತ್ತದೆ. ಅದೇ ಬಂಡವಾಳ ಸುತ್ತುತ್ತಾ ಇರುತ್ತದೆ. ಮರ ಕಡಿದು, ಬೆಂಕಿ ಹಾಕಿ, ಒಂದಷ್ಟು ಮಳೆಗಾಲ ಬಿಟ್ಟರೆ ಆ ಗೇಣುದ್ದ ಮಣ್ಣು ಶರಾವತಿಗೋ ಸಮುದ್ರಕ್ಕೋ ಹೋಗುತ್ತದೆ. ಆಮೇಲೆ ಉಳಿಯುವುದು ಬರೀ ಜಂಬಿಟ್ಟಿಗೆ. ಬೋಳು ಗುಡ್ಡದ ಮಣ್ಣು ಕೆಟ್ಟದ್ದು ನಿಜ. ಅದನ್ನು ಅಷ್ಟು ಕೆಡಿಸಿದ್ದರಲ್ಲಿ ಮನುಷ್ಯನ ಪಾಲೂ ಇದೆ. ಮಣ್ಣು ಒಂದು ಕಾರಣ, ಮನುಷ್ಯ ಇನ್ನೊಂದು ಕಾರಣ ಅಂತ ಎರಡು ಪಟ್ಟಿ ಮಾಡುವುದು ಇಲ್ಲಿ ಸುಮ್ನೆ ಕೆಲಸ.

ಮತ್ತೆ ಬೋಳು ಗುಡ್ಡಕ್ಕೆ ಎಣ್ಣೆಮರ ಯಾಕೆ ಮರಳಿ ಬರಲಿಲ್ಲ? ಅದರ ಕಾಯಿಗೆ ಎರಡು ಉದ್ದ ರೆಕ್ಕೆಗಳಿವೆ. ಗಿರಗಿರ ತಿರುಗಿಕೊಂಡು ಬೀಳುತ್ತದೆ, ಆದರೆ ಭಾರಕ್ಕೆ ತಾಯಿ ಮರ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಬೀಜ ವರ್ಷಗಟ್ಟಲೆ ನೆಲದಲ್ಲಿ ಕಾದು ಕೂರುವಂಥದ್ದೂ ಅಲ್ಲ. ಬಿದ್ದ ಕೂಡಲೇ ತಂಪು, ನೆರಳು ಸಿಕ್ಕರೆ ಮೊಳಕೆ, ಇಲ್ಲದಿದ್ದರೆ ಇಲ್ಲ.

ಎರಡನೇ ದಿನ: ಗೇರುಸೊಪ್ಪೆಯ ನಗರಬಸ್ತಿಕೇರಿ, ಆಮೇಲೆ ಕತ್ತಲೆಕಾನು

ಶರಾವತಿ ದಂಡೆಯ ಗೇರುಸೊಪ್ಪೆ ಒಂದು ಕಾಲಕ್ಕೆ ರಾಜಧಾನಿ. ಕಾಳುಮೆಣಸಿನ ರಾಣಿ ಅಂತ ಪೋರ್ಚುಗೀಸರು ಕರೆದ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಆಳಿದ್ದು ಇಲ್ಲಿಂದ. ಈಗ ನಗರಬಸ್ತಿಕೇರಿಯಲ್ಲಿ ನಾಲ್ಕೂ ದಿಕ್ಕಿಗೆ ಬಾಗಿಲಿರುವ ಚತುರ್ಮುಖ ಬಸದಿ ಇದೆ, ಸುತ್ತ ಕಾಡಿದೆ. ಬಸದಿ ನೋಡಲು ಬರುವವರು ಫೋಟೊ ತೆಗೆದುಕೊಂಡು ಹೊರಡುತ್ತಾರೆ. ನಾವು ಬೆನ್ನು ಹಾಕಿ ಮರ ನೋಡುತ್ತಾ ನಿಂತಿದ್ದು ಅಲ್ಲಿದ್ದ ಕಾವಲುಗಾರರಿಗೆ ವಿಚಿತ್ರ ಅನಿಸಿರಬೇಕು.

ಪಿಯೆತ್ರೊ ದೆಲ್ಲಾ ವಾಲೆ ಅನ್ನುವ ಇಟಲಿಯ ಪ್ರವಾಸಿ 1623ರಲ್ಲಿ ಇಕ್ಕೇರಿಗೆ ಹೋಗುವ ದಾರಿಯಲ್ಲಿ ಇಲ್ಲಿಗೆ ಬಂದಿದ್ದ. ಊರು, ಅರಮನೆ ಆಗಲೇ ಪಾಳು ಬಿದ್ದು ಮರ ಬೆಳೆದಿತ್ತು ಅಂತ ಬರೆದಿದ್ದಾನೆ. ಅಂದರೆ ಈ ಕಾಡಿನ ವಯಸ್ಸು ಹೆಚ್ಚೂಕಡಿಮೆ ಗೊತ್ತು: 400 ವರ್ಷ. ಇಂಥ ಲೆಕ್ಕ ಸಿಗುವ ಜಾಗ ಅಪರೂಪ. ಮುರಿದ ಜಂಬಿಟ್ಟಿಗೆ ಗೋಡೆಗಳ ಮಧ್ಯೆ ಹೈಗ, ಹೊಳೆಗೇರು, ರಕ್ತಮರ ನಿಂತಿದ್ದವು. ರಕ್ತಮರದ ತೊಗಟೆಯಲ್ಲಿ ಹಳೆಯ ಗಾಯ ಒಂದಿತ್ತು, ಕೆಂಪು ಅಂಟು ಹೆಪ್ಪುಗಟ್ಟಿತ್ತು. ಎಲ್ಲವೂ ನಿತ್ಯಹಸಿರು ಮರಗಳೇ. ಹೊಸಬರಿಗೆ ತೋರಿಸಿ ಇದು ಯಾರೂ ಮುಟ್ಟದ ಕಾಡು ಅಂದರೆ ನಂಬುತ್ತಾರೆ. ಆದರೆ ಎಣ್ಣೆಮರ ಮಾತ್ರ ನಮ್ಮ ಕಣ್ಣಿಗೆ ಒಂದೂ ಬೀಳಲಿಲ್ಲ. ಹೈಗವೂ ಎಣ್ಣೆಮರದ ಕುಟುಂಬದ್ದೇ. ಅದು ಬಂದಿದೆ, ದೊಡ್ಡಣ್ಣ ಬಂದಿಲ್ಲ.

ಮಧ್ಯಾಹ್ನ ಮಲೆಮನೆ ಘಟ್ಟ ಹತ್ತಿ ಕತ್ತಲೆಕಾನಿಗೆ ಹೋದೆವು. ಸಿದ್ದಾಪುರ ತಾಲ್ಲೂಕು, ಹೊನ್ನಾವರ ರಸ್ತೆಯ ಮಗ್ಗುಲಲ್ಲೇ. ರಸ್ತೆ ಬಿಟ್ಟು ಸ್ವಲ್ಪ ಇಳಿದರೆ ಜಡ್ಡಿ, ಅಂದರೆ ಕಾಡಿನೊಳಗಿನ ಕೆಸರು ನೆಲ. ನಮ್ಮನ್ನು ಕರೆದುಕೊಂಡು ಹೋದ ಸ್ಥಳೀಯರು ಮೊದಲೇ ಹೇಳಿದ್ದರು, ಬೇರಿನ ಮೇಲೆ ಕಾಲಿಡಬೇಡಿ ಅಂತ. ಕೆಳಗೆ ನೋಡಿದರೆ ಕಾಲಿಡಲು ಬೇರು ಬಿಟ್ಟು ಬೇರೆ ಏನಿದೆ! ಕೆಸರಿನಿಂದ ಬೇರು ಮೇಲೆ ಬಂದು, ಮಂಡಿಯ ಹಾಗೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತದೆ. ಅಂಥವು ನೂರಾರು. ಬಾಗಿದ ಜಾಗದಲ್ಲಿ ತೊಗಟೆ ಒರಟು, ತುಂಬ ಸಣ್ಣ ರಂಧ್ರಗಳು. ಕೆಳಗೆ ನಿಧಾನಕ್ಕೆ ಹರಿಯುವ, ಕಾಲಿಗೆ ಚುರುಕ್ ಅನ್ನುವಷ್ಟು ತಣ್ಣಗಿನ ನೀರು. ಫೆಬ್ರುವರಿಯಲ್ಲೂ ಬತ್ತಿಲ್ಲ.

ಇವು ಜಾಜಿಕಾಯಿಯ ಸಂಬಂಧಿಗಳು. ಜಿಮ್ನಾಕ್ರಾಂಥೆರಾ ಕೆನರಿಕಾ ಮತ್ತು ಮಿರಿಸ್ಟಿಕಾ ಮ್ಯಾಗ್ನಿಫಿಕಾ. ವರ್ಷವಿಡೀ ನೀರು ನಿಂತ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ. ಹೆಚ್ಚಿನ ಮರಗಳ ಬೇರು ಅಲ್ಲಿ ಉಸಿರುಗಟ್ಟಿ ಸಾಯುತ್ತದೆ. ಇವು ಮಂಡಿಯನ್ನು ಮೇಲೆತ್ತಿ ಉಸಿರಾಡುತ್ತವೆ. ಎರಡನೆಯದ್ದಕ್ಕೆ ಊರುಗೋಲಿನಂಥ ಬೇರುಗಳೂ ಇವೆ, ಸಡಿಲ ನೆಲದಲ್ಲಿ ಬೀಳದೆ ನಿಲ್ಲಲು. ನಾವು ದಿಬ್ಬದ ಕಡೆ ಹದಿನೈದಿಪ್ಪತ್ತು ಹೆಜ್ಜೆ ಹತ್ತಿದೆವು ಅಷ್ಟೇ, ಮಂಡಿ ಬೇರು ಮಾಯ. ಎಣ್ಣೆಮರ ಶುರು. ಗೆರೆ ಎಳೆದಿದ್ದು ನೀರು. ಇಲ್ಲಿ ಮಣ್ಣಿನ ಮಾತೇ ಕೊನೆ, ವಾದ ನಡೆಯುವುದಿಲ್ಲ.

ತಿರುವಾಂಕೂರಿನ ಹೆಸರು ಹೊತ್ತ ನೇರಳೆ ಜಾತಿಯೊಂದು, ಸಿಜಿಜಿಯಂ ಟ್ರಾವಂಕೋರಿಕಂ, ಅಲ್ಲಿಂದ ನೂರಾರು ಕಿಲೋಮೀಟರ್ ಉತ್ತರದಲ್ಲಿರುವ ಈ ಜಡ್ಡಿಯಲ್ಲೂ ಇದೆ. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅನ್ನುವ ಮರವನ್ನು ವಿಜ್ಞಾನಿಗಳು ಮೊದಲ ಸಲ ವಿವರಿಸಿದ್ದು 2000ದಲ್ಲಿ. ಹೆಸರಿನಲ್ಲೇ ಊರಿದೆ. ಇಷ್ಟು ದೊಡ್ಡ ಮರ ಅಷ್ಟು ವರ್ಷ ಯಾರ ಪಟ್ಟಿಗೂ ಸಿಗದೆ ರಸ್ತೆ ಪಕ್ಕ ನಿಂತಿತ್ತು ಅಂದರೆ ನಂಬೋದು ಕಷ್ಟ.

ಆದರೆ ಜಡ್ಡಿಗಳು ಇಷ್ಟು ಕಡಿಮೆ ಯಾಕೆ ಅಂತ ಕೇಳಿದರೆ ಮತ್ತೆ ಮನುಷ್ಯನ ಕಥೆಯೇ. ಕಣಿವೆಯ ತಳ, ಬತ್ತದ ನೀರು, ಮೆಕ್ಕಲು ಮಣ್ಣು. ಅಡಿಕೆ ತೋಟಕ್ಕೂ ಭತ್ತದ ಗದ್ದೆಗೂ ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ? ಘಟ್ಟದ ಎಷ್ಟೋ ತೋಟಗಳ ಕೆಳಗೆ ಹಳೆಯ ಜಡ್ಡಿ ಇದೆ. ಜಾಜಿಕಾಯಿ ಮರಗಳ ಬೀಜ ದೊಡ್ಡದು. ಹೊತ್ತುಕೊಂಡು ಹೋಗಲು ಮಂಗಟ್ಟೆ ಹಕ್ಕಿಯಂಥವು ಬೇಕು. ಹಕ್ಕಿ ಇದ್ದರೂ ಸುತ್ತ ತೋಟವೇ ಆದಾಗ ಬೀಜ ಬೀಳಬೇಕಾದ ಕೆಸರೇ ಸಿಗುವುದಿಲ್ಲ.

ರಾತ್ರಿ ಉಳಿದ ಮನೆಯ ಜಗುಲಿಯಲ್ಲಿ ಗೆಳೆಯ ಮಧ್ಯ ಮತ್ತು ದಕ್ಷಿಣ ಅಮೆರಿಕಾದ ಮಾತು ತೆಗೆದ. ಪನಾಮಾ, ಕೊಲಂಬಿಯಾ, ಈಕ್ವೆಡಾರ್‌ಗಳ ಮೂರು ಕಾಡು ತುಣುಕುಗಳಲ್ಲಿ ಒಂದೊಂದು ಮರವನ್ನೂ ನಕ್ಷೆಗೆ ಹಾಕಿ, ಮಣ್ಣಿನ ಪೋಷಕಾಂಶದ ಜೊತೆ ಹೋಲಿಸಿ ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಶೇಕಡಾ 36ರಿಂದ 51ರಷ್ಟು ಜಾತಿಗಳು ಮಣ್ಣಿನ ಸಾರಕ್ಕೆ ತಕ್ಕ ಹಾಗೆ ಹಂಚಿಕೊಂಡಿದ್ದವು. ಹತ್ತು ವರ್ಷ ಬಿಟ್ಟು, 2017ರಲ್ಲಿ, ಅಮೆಜಾನಿನ ಬಗ್ಗೆ ಇನ್ನೊಂದು ಬಂತು. ಅಲ್ಲಿನ ಹಳೆಯ ಜನ ಒಂದಲ್ಲ ಒಂದು ಮಟ್ಟಕ್ಕೆ ಪಳಗಿಸಿದ 85 ಮರ ಜಾತಿಗಳಲ್ಲಿ 20, ಇಡೀ ಅಮೆಜಾನಿನಲ್ಲೇ ಅತಿ ಹೆಚ್ಚು ಕಾಣುವ ಮರಗಳ ಸಾಲಿನಲ್ಲಿವೆ. ಹಳೆಯ ಜನವಸತಿಯ ಹತ್ತಿರ ಹೋದಷ್ಟೂ ಪಳಗಿದ ಜಾತಿಗಳು ಜಾಸ್ತಿ. "ನೀನು ಯಾವ ಕಡೆ?" ಅಂತ ಕೇಳಿದೆ. "ನಾಳೆ ಕಾನು ನೋಡಿ ಆಮೇಲೆ ಕೇಳು" ಅಂದ.

ಮೂರನೇ ದಿನ: ಸಿದ್ದಾಪುರ, ಶಿರಸಿಯ ಬೆಟ್ಟಗಳು ಮತ್ತು ಒಂದು ಕಾನು

ಈ ಸೀಮೆಯಲ್ಲಿ ಬೆಟ್ಟ ಅಂದರೆ ಎತ್ತರದ ಗುಡ್ಡ ಅಂತಲೇ ಅಲ್ಲ. ಅಡಿಕೆ ತೋಟದವರಿಗೆ ಸೊಪ್ಪು, ದರಕು ತರಲು ಬಿಟ್ಟುಕೊಟ್ಟ ಕಾಡು. ಬ್ರಿಟಿಷರ ಕಾಲದಲ್ಲಿ ಗೊತ್ತು ಮಾಡಿದ ಲೆಕ್ಕದಲ್ಲಿ ಘಟ್ಟದ ಮೇಲೆ 1 ಎಕರೆ ತೋಟಕ್ಕೆ 9 ಎಕರೆ ಬೆಟ್ಟ. ಬೆಳಿಗ್ಗೆ ನಾವು ಹೋದಾಗ ಅಲ್ಲಿ ದರಕು ಗುಡಿಸುವ ಕೆಲಸ ನಡೆದಿತ್ತು. ಒಣಗಿದ ಎಲೆಯನ್ನು ಉದ್ದ ಹಿಡಿಯ ಪೊರಕೆಯಲ್ಲಿ ಗುಡಿಸಿ, ಕಲ್ಲಿಯಲ್ಲಿ ತುಂಬಿ, ಕೊಟ್ಟಿಗೆಗೆ ಸಾಗಿಸುತ್ತಾರೆ. ದನದ ಕಾಲ ಕೆಳಗೆ ಗೊಬ್ಬರವಾಗಿ ಅದು ತೋಟಕ್ಕೆ ಹೋಗುತ್ತದೆ. ನಿನ್ನೆ ಮೊನ್ನೆ ನೋಡಿದ ಬಂಡವಾಳ ಇದ್ದಲ್ಲೇ ಸುತ್ತುವುದನ್ನು ಬಿಟ್ಟು ಇಲ್ಲಿ ಕೆಳಗಿನ ತೋಟಕ್ಕೆ ಹರಿಯುತ್ತಿದೆ. 9 ಎಕರೆಯ ಸಾರ 1 ಎಕರೆಗೆ.

ಗುಡಿಸಿದ ನೆಲ ಗಟ್ಟಿ, ಕೆಂಪು, ಚೊಕ್ಕಟ. ಮೇಲೆ ಹುಣಾಲು, ಮತ್ತಿ, ನಂದಿ, ಜಂಬೆ, ಕೌಲು, ನೆಲ್ಲಿ. ಸೊಪ್ಪು ಕಡಿದು ಕಡಿದು ಕಾಂಡದ ತುಂಬ ಗಂಟು, ತುದಿಯಲ್ಲಿ ಮಾತ್ರ ಕುಚ್ಚು. ಮತ್ತಿಯ ತೊಗಟೆ ಚೌಕ ಚೌಕವಾಗಿ ಒಡೆದು, ಹೆಬ್ಬೆರಳಷ್ಟು ದಪ್ಪ. ಈ ಮರಗಳಲ್ಲಿ ಹೆಚ್ಚಿನವಕ್ಕೆ ಬಿಸಿಲು ಬೇಕು, ಕಡಿದರೆ ಬುಡದಿಂದ ಚಿಗುರುತ್ತವೆ, ದಪ್ಪ ತೊಗಟೆ ಇದ್ದವು ಸಣ್ಣ ಬೆಂಕಿಯನ್ನು ತಡೆದುಕೊಳ್ಳುತ್ತವೆ. ಹುಣಾಲು, ಮತ್ತಿಯ ಕಾಯಿಗೆ ರೆಕ್ಕೆ ಇದೆ, ಗಾಳಿಗೆ ಹಾರುತ್ತದೆ. ಮಂಗಟ್ಟೆಗೆ ಕಾಯಬೇಕಾಗಿಲ್ಲ. ಮನುಷ್ಯ ನೆಟ್ಟು ಬೆಳೆಸಿದ್ದಲ್ಲ ಇದು. ಆದರೆ ಯಾರು ಉಳಿಯಬೇಕು ಅಂತ ಕತ್ತಿ, ಬೆಂಕಿ, ಪೊರಕೆ ಸೇರಿ ಆರಿಸಿವೆ.

ಬೆಟ್ಟ ಆಗುವುದಕ್ಕೂ ಮೊದಲು ಇಂಥ ಎಷ್ಟೋ ಗುಡ್ಡಗಳಲ್ಲಿ ಕುಮರಿ ಇತ್ತು. ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ಬೆಳೆ ತೆಗೆದು, ಆಮೇಲೆ ಹಲವು ವರ್ಷ ಹಾಗೇ ಬಿಡುವುದು. 1860ರ ಹೊತ್ತಿಗೆ ಸರ್ಕಾರ ಅದನ್ನು ಬಿಗಿ ಮಾಡಿತು. ರಸ್ತೆಗೆ ಅಂತ ಗುಡ್ಡ ಕಡಿದ ಒಂದು ಕಡೆ ಗೆಳೆಯ ಮೊಣಕಾಲೂರಿ ಕೂತ. ಕೆಂಪು ಮಣ್ಣಿನ ಗೋಡೆಯಲ್ಲಿ ಮೊಳ ಆಳದಲ್ಲಿ ಕಡಲೆ ಗಾತ್ರದ ಕರಿ ಚೂರುಗಳು. ಉಗುರಲ್ಲಿ ಕೆರೆದರೆ ಕೈಗೆ ಮಸಿ. ಇದ್ದಿಲು. ಕುಮರಿಯದ್ದೋ, ಕಾಡ್ಗಿಚ್ಚಿನದ್ದೋ, ಚೂರು ನೋಡಿ ಹೇಳಲು ಬರುವುದಿಲ್ಲ. ವಯಸ್ಸು ತಿಳಿಯಲು ಪ್ರಯೋಗಾಲಯ ಬೇಕು. ಕಾರವಾರದ ಆಚೆ ಸಮುದ್ರದ ತಳದಿಂದ ತೆಗೆದ ಹೂಪುಡಿಯ ದಾಖಲೆಯಲ್ಲಿ ಸುಮಾರು 3,500 ವರ್ಷಗಳ ಹಿಂದೆ ನಿತ್ಯಹಸಿರು ಕಾಡು ಕುಗ್ಗಿದ್ದು ಕಾಣುತ್ತದೆ. ಆಗ ಹವೆಯೂ ಒಣಗಿತ್ತು. ಹಾಗಾಗಿ ಎಲ್ಲವನ್ನೂ ಕೊಡಲಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಸಂಜೆ ಹೊತ್ತಿಗೆ ಕಾನು, ಅಂದರೆ ಊರಿನವರು ಕಾದುಕೊಂಡು ಬಂದ ನಿತ್ಯಹಸಿರು ಕಾಡು. ಬೆಟ್ಟದಿಂದ ಒಂದು ಅಗಳ ದಾಟಿದರೆ ಸಾಕು, ತಂಪು. ಕಾಲಿಟ್ಟರೆ ಎಲೆಯ ಹಾಸು ಮೆತ್ತಗೆ ಕುಸಿಯುತ್ತದೆ. ಹೆಬ್ಬಲಸು, ರಾಮಪತ್ರೆ, ಉಪ್ಪಾಗೆ, ನಾಗಸಂಪಿಗೆ. ಮರ ಮರಕ್ಕೂ ಕಾಡುಮೆಣಸಿನ ಬಳ್ಳಿ. ಮಧ್ಯೆ ಬೈನೆ ಮರಗಳು, ಯಾರೋ ಬೇಕಂತಲೇ ಉಳಿಸಿಕೊಂಡಿದ್ದಾರೆ ಅಂತ ನಮಗೆ ಅನುಮಾನ ಬರುವಷ್ಟು. ಕಾನುಗಳನ್ನು ಊರಿನವರು ಕಾದುಕೊಂಡಿದ್ದು ದೇವರ ಭಯಕ್ಕೂ ಹೌದು, ಮೆಣಸು, ಬೈನೆ, ನೀರಿಗೂ ಹೌದು. ಊರ ದೇವರದ್ದೇ ಕಾಡು, ಗೌಡನ ಮೂಲಕ ಅಪ್ಪಣೆ ಪಡೆಯದೆ ಮರ ಕಡಿಯುವಂತಿಲ್ಲ ಅಂತ ಬುಕಾನನ್ ಕೂಡ ದಾಖಲಿಸಿದ್ದಾನೆ. ಪಕ್ಕದ ಸೊರಬದಲ್ಲಿ 1868ರಲ್ಲಿ ಬ್ರಿಟಿಷ್ ಸರ್ಕಾರದ ಅರಣ್ಯ ಅಧಿಕಾರಿ ಬ್ರಾಂಡಿಸ್, ಅವನ ಜೊತೆ ಗ್ರಾಂಟ್ ಲೆಕ್ಕ ಹಾಕಿದಾಗ 171 ಕಾನುಗಳಿದ್ದವು. ಕಾನು ಅಂದರೆ ಕೈ ತಾಗದ ಕಾಡು ಅಂತ ಹೇಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬೇಕಾದ ಮರ ಉಳಿಸಿ, ಬೆಂಕಿ ಹೊರಗಿಟ್ಟು, ಬಳ್ಳಿಗೆ ಆಸರೆ ನೋಡಿಕೊಂಡ ಕಾಡು ಇದು. ಬೆಟ್ಟವೂ ಮನುಷ್ಯ ಮಾಡಿದ್ದೇ, ಕಾನೂ ಮನುಷ್ಯ ಕಾದಿದ್ದೇ. ಅಗಳದ ಎರಡು ಬದಿಯ ವ್ಯತ್ಯಾಸಕ್ಕೆ ಮಣ್ಣು ಕಾರಣ ಅಂತ ಈಗ ಅಳೆದು ತೋರಿಸಬಹುದು. ಆ ಮಣ್ಣು ಬೇರೆಯಾಗಿದ್ದಕ್ಕೆ ಪೊರಕೆ ಕಾರಣ ಅಂತ ಅಳತೆ ಹೇಳುವುದಿಲ್ಲ, ಊರಿನವರನ್ನು ಕೇಳಬೇಕು.

ನಾಲ್ಕನೇ ದಿನ: ಸಾಲ್ಕಣಿ ಕಡೆ

ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ 1983ರ ಸೆಪ್ಟೆಂಬರ್‌ನಲ್ಲಿ ಕಳಾಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಶುರುವಾಗಿದ್ದು ಹಾಗೆ. ನೈಸರ್ಗಿಕ ಕಾಡು ಬೋಳಿಸಿ ತೇಗ ನೆಡುವುದಕ್ಕೆ ಈ ಸೀಮೆಯಲ್ಲಿ ಎಷ್ಟು ಸಿಟ್ಟಿತ್ತು ಅಂತ ಇದರಿಂದ ಗೊತ್ತಾಗುತ್ತದೆ.

ದಾರಿಯಲ್ಲಿ ಸಿಕ್ಕ ಒಂದು ಹಳೆಯ ತೇಗದ ನೆಡುತೋಪಿನೊಳಗೆ ಒಂದು ಸುತ್ತು ಹಾಕಿದೆವು. ಸಾಲು ಇನ್ನೂ ಕಾಣುತ್ತದೆ. ಮರಗಳು ಮಾತ್ರ ವಯಸ್ಸಿಗೆ ತಕ್ಕ ದಪ್ಪ ಇಲ್ಲ. ತೇಗಕ್ಕೆ ಸುಣ್ಣದ ಅಂಶ ಇರುವ, ನೀರು ಬಸಿದು ಹೋಗುವ, ಆಳದ ಮಣ್ಣು ಬೇಕು. ಮಳೆ ತೊಳೆದ ಹುಳಿ ಮಣ್ಣು ಅದಕ್ಕೆ ಆಗಿ ಬರುವುದಿಲ್ಲ. ಅಗಲ ಎಲೆಯ ಮೇಲೆ ಕೂಡಿದ ಮಳೆಹನಿ ದಪ್ಪಗಾಗಿ ಬಿದ್ದು ನೆಲ ಕೊರೆಯುತ್ತದೆ ಬೇರೆ.

ಅಲ್ಲಿ ನಮಗೆ ಖುಷಿ ಕೊಟ್ಟಿದ್ದು ತೇಗದ ಬುಡ. ಕಾನಿನ ಕಡೆಯ ಅಂಚಿನಲ್ಲಿ ಮೊಣಕಾಲೆತ್ತರದ ಹೆಬ್ಬಲಸು, ಹೊಳೆಗೇರು, ಉಪ್ಪಾಗೆ ಸಸಿಗಳು ಬೇಕಾದಷ್ಟು. ಹಕ್ಕಿ, ಮಂಗ, ಕಬ್ಬೆಕ್ಕು ಬೀಜ ತಂದು ಹಾಕಿವೆ. ಒಳಗೆ ಹೋದಂತೆ ಸಸಿ ವಿರಳ. ಆಚೆ ತುದಿಯಲ್ಲಿ, ಹಿಂದಿನ ವರ್ಷ ಬೆಂಕಿ ಬಿದ್ದ ಗುರುತಿದ್ದ ಕಡೆ, ಬರೀ ಯುಪಟೋರಿಯಂ ಕಳೆ. ಒಂದೇ ತೋಪು, ಒಂದೇ ವರ್ಷ ನೆಟ್ಟಿದ್ದು. ಕಾನು ಎಷ್ಟು ಹತ್ತಿರ, ಬೆಂಕಿ ಬಿತ್ತೋ ಇಲ್ಲವೋ, ಅಷ್ಟರಲ್ಲೇ ಮುಂದಿನ ಕಾಡು ನಿರ್ಧಾರವಾಗುತ್ತಿದೆ. ಗೇರುಸೊಪ್ಪೆಯಲ್ಲಿ 400 ವರ್ಷದಲ್ಲಿ ಆದದ್ದರ ಶುರು ಹೀಗೇ ಇದ್ದಿರಬೇಕು, ಅಲ್ವಾ?

ಐದನೇ ದಿನ: ಮುಂಡಗೋಡದಿಂದ ಹಳಿಯಾಳ

ಶಿರಸಿಯಿಂದ ಪೂರ್ವಕ್ಕೆ ಹೊರಟರೆ ಮಳೆ ಜರ್ರನೆ ಇಳಿಯುತ್ತದೆ. ಮುಂಡಗೋಡದ ಹೊತ್ತಿಗೆ ವರ್ಷಕ್ಕೆ 1,200 ಮಿಲಿಮೀಟರ್ ಆಸುಪಾಸು. ಕಾಡು ಪೂರ್ತಿ ಬೋಳು, ನೆಲದ ತುಂಬ ತೇಗದ ಎಲೆಯ ಸದ್ದು. ಮಳೆ ಕಡಿಮೆ ಆದ್ದರಿಂದ ಮಣ್ಣಿನ ಸುಣ್ಣ ಅಷ್ಟಾಗಿ ತೊಳೆದು ಹೋಗಿಲ್ಲ. ಇಲ್ಲಿ ತೇಗ ಯಾರೂ ನೆಡದೆ ತಾನಾಗಿ ಇತ್ತು. ಜೊತೆಗೆ ಬೀಟೆ, ಹೊನ್ನೆ, ಬಿದಿರು. ನಿನ್ನೆಯ ತೋಪಿನಲ್ಲಿ ಸೊರಗಿದ್ದ ಮರವೇ ಇಲ್ಲಿ ತಬ್ಬಿದರೆ ಕೈ ಕೂಡದಷ್ಟು ದಪ್ಪ. ಬುಡದ ಚಿಗುರೊಂದರ ಎಳೆ ಎಲೆ ಕಿತ್ತು ಅಂಗೈಯಲ್ಲಿ ತಿಕ್ಕಿದೆ. ಕುಂಕುಮ ಕಲಸಿದ ಹಾಗೆ ಕೆಂಪಾಯಿತು, ಸಂಜೆವರೆಗೂ ಹೋಗಲಿಲ್ಲ.

ಇಲ್ಲೂ ಮನುಷ್ಯ ಇಲ್ಲ ಅಂತಲ್ಲ. ತೇಗದ ಸಸಿಗೆ ತೆರೆದ ಬಿಸಿಲು ಬೇಕು. ಸುಟ್ಟ ನೆಲದಲ್ಲಿ ಅದು ಚೆನ್ನಾಗಿ ಬರುತ್ತದೆ. ಕುಮರಿಯನ್ನು ಬೈಯುತ್ತಿದ್ದ ಕಾಲದಲ್ಲೇ, 1850ರ ದಶಕದಲ್ಲಿ, ಬ್ರಾಂಡಿಸ್ ಬರ್ಮಾದಲ್ಲಿ ಸುಟ್ಟು ಬೇಸಾಯ ಮಾಡುವವರ ಕೈಯಿಂದಲೇ ತೇಗ ಬಿತ್ತಿಸುವ ಪದ್ಧತಿ ತಂದ.

ಹಳಿಯಾಳದ ದಾರಿಯಲ್ಲಿ ಸಿಕ್ಕ ಕಾಡಿನ ಕಾವಲುಗಾರರೊಬ್ಬರ ಜೊತೆ ಮಾತಾಡುತ್ತಾ ನಿಂತೆವು. ತೇಗ ಅಂದರೆ ಪರಿಸರಕ್ಕೆ ಕೆಟ್ಟದ್ದು ಅಂತ ಓದಿಕೊಂಡು ಬಂದ ಯಾರೋ ಉತ್ಸಾಹಿಗಳು ಕೆಲವು ವರ್ಷಗಳ ಹಿಂದೆ ಇಲ್ಲಿ ಘಟ್ಟದ ಸಸಿಗಳನ್ನು ತಂದು ನೆಟ್ಟಿದ್ದರಂತೆ. ರಾಮಪತ್ರೆ, ಹೆಬ್ಬಲಸು, ಇನ್ನೂ ಏನೇನೋ. ಮಳೆಗಾಲದಲ್ಲಿ ಚೆನ್ನಾಗಿಯೇ ಚಿಗುರಿದ್ದವು. "ಏಪ್ರಿಲ್‌ನಲ್ಲಿ ನೋಡಬೇಕಿತ್ತು ನೀವು" ಅಂದರು. ಗುಂಡಿಗಳ ಸಾಲು ತೋರಿಸಿದರು. ಒಂದೊಂದು ಗುಂಡಿಯ ಪಕ್ಕದಲ್ಲೂ ಮತ್ತಿ, ತೇಗದ ಸಸಿ ಎದ್ದಿತ್ತು. ಗೆಳೆಯ ಚೀಲದಿಂದ ಕೊಳವೆ ತೆಗೆದು, ಅದೇ ಗುಂಡಿಯಲ್ಲಿ ಇಳಿಸಲು ಶುರು ಮಾಡಿದ.